ತೆರೆದು ನೋಡಿ ಬಿಸಾಡುವ ಕಂಪ್ಯೂಟರ್: ಸ್ಯಾಂಡ್‌ಬಾಕ್ಸ್, ವರ್ಚುವಲ್‌ಬಾಕ್ಸ್, ಲೈವ್ ಪೆನ್‌ಡ್ರೈವ್, ನಿಮ್ಮ ಮನೆಗೆ ಯಾವುದು?

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ನಿಮಗೆ ಅನುಮಾನ ಇರುವುದು ಯಾವುದರ ಮೇಲೆ? ಹೊರಗಿನಿಂದ ಬಂದ ಫೈಲ್ ಮೇಲೋ, ನಿಮ್ಮ ಕಂಪ್ಯೂಟರ್ ಮೇಲೋ? ಸ್ಯಾಂಡ್‌ಬಾಕ್ಸ್ ಒಳ್ಳೆಯದಾ, ವರ್ಚುವಲ್‌ಬಾಕ್ಸ್ ಒಳ್ಳೆಯದಾ, ಲಿನಕ್ಸ್ ಪೆನ್‌ಡ್ರೈವ್ ಸಾಕಾ ಅಂತ ಕೇಳುವವರಿಗೆಲ್ಲ ನಾನು ಇದನ್ನೇ ಕೇಳುತ್ತೇನೆ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಏನೂ ಆಗಲ್ಲ ಅನ್ನುವ ಧೈರ್ಯ ಮಾತ್ರ ಬರುತ್ತದೆ, ರಕ್ಷಣೆ ಬರುವುದಿಲ್ಲ.

ಈ ಮೂರೂ ಕೊಡುವುದು ಬಿಸಾಡುವ ಸೆಷನ್. ಅಂದರೆ ನಿಮ್ಮ ಮಾಮೂಲಿ ವಿಂಡೋಸ್‌ನಿಂದ ಬೇರೆಯಾದ ಒಂದು ತಾತ್ಕಾಲಿಕ ಜಾಗ. ಅನುಮಾನದ ಫೈಲನ್ನು ಅಲ್ಲಿ ತೆರೆಯುತ್ತೀರಿ, ನೋಡುತ್ತೀರಿ, ಮುಚ್ಚುತ್ತೀರಿ. ಊಟವಾದ ಮೇಲೆ ಬಾಳೆ ಎಲೆ ಮಡಚಿ ಎಸೆದ ಹಾಗೆ, ಒಳಗೆ ಏನೇ ಸೇರಿಕೊಂಡಿದ್ದರೂ ಅದರ ಜೊತೆಗೇ ಹೋಗುತ್ತದೆ. ಮುಂದಿನ ಸಲ ತೆರೆದಾಗ ಎಲ್ಲ ಹೊಸದು.

ಬ್ರೌಸರ್‌ನ ಇನ್‌ಕಾಗ್ನಿಟೋ ಇದಲ್ಲ. ಅದು ಹಿಸ್ಟರಿ, ಕುಕಿ ಅಳಿಸುತ್ತದೆ ಅಷ್ಟೇ. ಅಲ್ಲಿಂದ ಇಳಿಸಿದ ಫೈಲ್ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಇರುತ್ತದೆ, ಡಬಲ್ ಕ್ಲಿಕ್ ಮಾಡಿದರೆ ನಿಮ್ಮ ನಿಜವಾದ ವಿಂಡೋಸ್ ಮೇಲೇ ಓಡುತ್ತದೆ.

ಇನ್ನೊಂದು ಚಿಕ್ಕ ಕೆಲಸ, ಮುಂದೆ ಓದುವ ಮೊದಲೇ ಮಾಡಿಬಿಡಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಮೆನುಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಅನ್ನುವುದಕ್ಕೆ ಟಿಕ್ ಹಾಕಿ. ವಿಂಡೋಸ್ ಇದನ್ನು ತಾನಾಗಿಯೇ ಮುಚ್ಚಿಟ್ಟಿರುತ್ತದೆ. ಇ-ಖಾತಾ ಮಾಡಿಸಿಕೊಡುತ್ತೇನೆ ಅಂದ ಏಜೆಂಟ್ ಒಬ್ಬರು ವಾಟ್ಸಾಪ್‌ನಲ್ಲಿ ಜಿಪ್ ಕಳಿಸಿದರು ಅಂದುಕೊಳ್ಳಿ. ಒಳಗೆ 'ಖಾತಾ ಡಾಟ್ ಪಿಡಿಎಫ್' ಅಂತ ಕಾಣುತ್ತದೆ, ಪಕ್ಕದಲ್ಲಿ ಪಿಡಿಎಫ್‌ನ ಕೆಂಪು ಚಿತ್ರವೂ ಇರುತ್ತದೆ. ಟಿಕ್ ಹಾಕಿದ ಮೇಲೆ ನೋಡಿದರೆ ಅದರ ಹೆಸರು 'ಖಾತಾ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ'. ಅಂದರೆ ಅದು ದಾಖಲೆಯಲ್ಲ, ಪ್ರೋಗ್ರಾಂ. ಅಂಥದ್ದನ್ನು ಯಾವ ಸ್ಯಾಂಡ್‌ಬಾಕ್ಸ್‌ನಲ್ಲೂ ತೆರೆದು ನೋಡುವ ಅಗತ್ಯವಿಲ್ಲ, ಸೀದಾ ಡಿಲೀಟ್ ಮಾಡಿ.

ವಿಂಡೋಸ್ ಸ್ಯಾಂಡ್‌ಬಾಕ್ಸ್: ಇದ್ದರೆ ಇದೇ ಮೊದಲು

2019ರಲ್ಲಿ ವಿಂಡೋಸ್ 10ರ 1903 ಆವೃತ್ತಿಯ ಜೊತೆ ಬಂದದ್ದು. ದುಡ್ಡು ಕೊಡಬೇಕಾಗಿಲ್ಲ, ಬೇರೆ ಏನೂ ಇಳಿಸಬೇಕಾಗಿಲ್ಲ. ಆದರೆ ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಮಾತ್ರ ಸಿಗುತ್ತದೆ. ಅಂಗಡಿಯಲ್ಲಿ ತಂದ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ಹೋಮ್ ಆವೃತ್ತಿ, ಅದರಲ್ಲಿ ಇದು ಇಲ್ಲ. ನಿಮ್ಮದು ಯಾವುದು ಅಂತ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ಕಾಣುತ್ತದೆ. ಹೋಮ್ ಆದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಇದೊಂದಕ್ಕೋಸ್ಕರ ಪ್ರೊ ಕೊಳ್ಳಿ ಅಂತ ನಾನು ಹೇಳುವುದಿಲ್ಲ, ಆಕ್ಟಿವೇಟರ್ ಅನ್ನುವ ಕಳ್ಳ ಪ್ರೋಗ್ರಾಂ ಹಾಕಿಸಿಕೊಂಡು ಪ್ರೊ ಮಾಡಿಕೊಳ್ಳುವುದಂತೂ ಖಂಡಿತ ಬೇಡ. ಮಾಲ್‌ವೇರ್‌ನಿಂದ, ಅಂದರೆ ಹಾನಿ ಮಾಡುವ ಪ್ರೋಗ್ರಾಂನಿಂದ, ಕಾಪಾಡಿಕೊಳ್ಳಲು ಅಂತ ಹೋಗಿ, ಆಂಟಿವೈರಸ್ ಆಫ್ ಮಾಡಿ ಗುರುತು ಪರಿಚಯ ಇಲ್ಲದ ಪ್ರೋಗ್ರಾಂ ಒಂದಕ್ಕೆ ಅಡ್ಮಿನ್ ಅಧಿಕಾರ ಕೊಟ್ಟ ಹಾಗಾಗುತ್ತದೆ.

ಪ್ರೊ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿದರೆ ಕೆಳಗೆ 'ವರ್ಚುವಲೈಸೇಶನ್: ಎನೇಬಲ್ಡ್' ಅಂತ ಇರಬೇಕು. ಇಲ್ಲದಿದ್ದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ಆನ್ ಮಾಡಬೇಕು. ಆಮೇಲೆ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ಅಂತ ಹುಡುಕಿ, ವಿಂಡೋಸ್ ಸ್ಯಾಂಡ್‌ಬಾಕ್ಸ್‌ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. 4 ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ, ಆದರೆ 8 ಜಿಬಿ ಇದ್ದರೆ ನೆಮ್ಮದಿ. ತೆರೆದಾಗ ಕಿಟಕಿಯೊಳಗೆ ಒಂದು ಬೋಳು ವಿಂಡೋಸ್ ಬರುತ್ತದೆ, ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ, ಇಲ್ಲೇ ಹೆಚ್ಚಿನವರು ಎಡವುವುದು. ಸ್ಯಾಂಡ್‌ಬಾಕ್ಸ್ ತೆರೆದಾಗ ಅದರಲ್ಲಿ ಇಂಟರ್ನೆಟ್ ಆನ್ ಇರುತ್ತದೆ, ಕ್ಲಿಪ್‌ಬೋರ್ಡ್ ಕೂಡ ಹಂಚಿಕೊಂಡಿರುತ್ತದೆ. ಅಂದರೆ ನೀವು ಈಗಷ್ಟೇ ಹೊರಗೆ ಕಾಪಿ ಮಾಡಿದ ಪಾಸ್‌ವರ್ಡ್ ಒಳಗಿರುವ ಪ್ರೋಗ್ರಾಂಗೂ ಸಿಗುತ್ತದೆ, ಮತ್ತು ಅದು ನಿಮ್ಮ ಮನೆಯ ವೈಫೈ ಮೂಲಕ ರೂಟರ್, ಸಿಸಿಟಿವಿ, ಇನ್ನೊಂದು ಲ್ಯಾಪ್‌ಟಾಪ್ ಎಲ್ಲದರ ಬಾಗಿಲು ತಟ್ಟಬಹುದು. ಇದಕ್ಕೆ ನೋಟ್‌ಪ್ಯಾಡ್‌ನಲ್ಲಿ ಒಂದು ಪುಟ್ಟ ಫೈಲ್ ಬರೆದು ಡಾಟ್ ಡಬ್ಲ್ಯುಎಸ್‌ಬಿ ಅಂತ ಉಳಿಸಿಕೊಳ್ಳಬೇಕು. ಅದರಲ್ಲಿ ನೆಟ್‌ವರ್ಕಿಂಗ್‌ಗೆ 'ಡಿಸೇಬಲ್', ಕ್ಲಿಪ್‌ಬೋರ್ಡ್ ರಿಡೈರೆಕ್ಷನ್‌ಗೆ 'ಡಿಸೇಬಲ್', ಮ್ಯಾಪ್ಡ್ ಫೋಲ್ಡರ್ ಆಗಿ 'ಅನುಮಾನ' ಅಂತಲೋ ಏನೋ ಹೆಸರಿಟ್ಟ ಒಂದೇ ಒಂದು ಫೋಲ್ಡರ್, ಅದಕ್ಕೆ ರೀಡ್‌ಓನ್ಲಿ 'ಟ್ರೂ'. ಇನ್ನು ಮುಂದೆ ಆ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಸ್ಯಾಂಡ್‌ಬಾಕ್ಸ್ ಈ ನಿಯಮಗಳ ಜೊತೆಗೇ ಏಳುತ್ತದೆ. ಒಳಗಿನದು ನಿಮ್ಮ ಫೋಲ್ಡರನ್ನು ಓದಬಹುದು, ಬರೆಯಲಾರದು. ಹೊರಗೆ ಮಾತಾಡಲಾರದು.

ಕೊರತೆ ಏನು? ಒಳಗೆ ವರ್ಡ್ ಇಲ್ಲ, ಎಕ್ಸೆಲ್ ಇಲ್ಲ. ಪಿಡಿಎಫ್ ಎಡ್ಜ್‌ನಲ್ಲಿ ತೆರೆಯುತ್ತದೆ, ಎಕ್ಸೆಲ್ ಶೀಟ್ ಬಂದರೆ ಪ್ರತಿ ಸಲ ಉಚಿತ ಲಿಬ್ರೆ ಆಫೀಸ್ ಹಾಕಬೇಕು. ಪೆನ್‌ಡ್ರೈವನ್ನು, ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ನನ್ನು ನೇರವಾಗಿ ಒಳಗೆ ಕೊಡಲು ಆಗುವುದಿಲ್ಲ. ಎಲ್ಲೋ ಸಿಕ್ಕಿದ ಹಳೆಯ ನುಡಿ ಅಥವಾ ಬರಹ ಇನ್‌ಸ್ಟಾಲರ್ ಹೇಗಿದೆ ನೋಡೋಣ ಅಂದರೆ ಇದು ಸಾಕು. ದಿನವೂ ಬಳಸಬೇಕು ಅಂದರೆ ಆಗಲ್ಲ, ಮುಚ್ಚಿದ ಕ್ಷಣ ಹೋಗುತ್ತದಲ್ವಾ.

ಸ್ಯಾಂಡ್‌ಬಾಕ್ಸಿ-ಪ್ಲಸ್: ಹೋಮ್ ಆವೃತ್ತಿಯವರಿಗೆ, ಒಂದು ಎಚ್ಚರಿಕೆಯೊಂದಿಗೆ

ಹೆಸರು ಹತ್ತಿರ ಇದೆ ಅಂತ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸ್ಯಾಂಡ್‌ಬಾಕ್ಸಿ 2004ರಿಂದ ಇದೆ, ಸೋಫೋಸ್ ಕಂಪನಿಯ ಕೈಗೆ ಬಂದ ಮೇಲೆ 2020ರಲ್ಲಿ ಓಪನ್ ಸೋರ್ಸ್ ಆಯಿತು. ಈಗ ಪ್ಲಸ್ ಅನ್ನುವ ಹೆಸರಿನಲ್ಲಿ ಮುಂದುವರಿದಿದೆ. ಹೋಮ್ ಆವೃತ್ತಿಯಲ್ಲೂ ಓಡುತ್ತದೆ, ರ‍್ಯಾಮ್ ಜಾಸ್ತಿ ಕೇಳುವುದಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಸ್ಯಾಂಡ್‌ಬಾಕ್ಸ್ಡ್' ಅಂದರೆ ಸಾಕು, ಆ ಕಿಟಕಿಯ ಸುತ್ತ ಹಳದಿ ಗೆರೆ ಬರುತ್ತದೆ. ಹಳದಿ ಗೆರೆಯ ಒಳಗಿನ ಪ್ರೋಗ್ರಾಂ ಬರೆದದ್ದೆಲ್ಲ ಬೇರೆ ಡಬ್ಬಿಗೆ ಹೋಗುತ್ತದೆ, ಡಬ್ಬಿ ಖಾಲಿ ಮಾಡಿದರೆ ಮುಗಿಯಿತು.

ಇದು ವರ್ಚುವಲ್ ಮಷೀನ್, ಅಂದರೆ ನಿಮ್ಮ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್, ಅಲ್ಲ. ಕೆಳಗೆ ಓಡುವುದು ನಿಮ್ಮದೇ ವಿಂಡೋಸ್. ಅದಕ್ಕಿಂತ ಮುಖ್ಯವಾಗಿ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಳಗಿನ ಪ್ರೋಗ್ರಾಂ ನಿಮ್ಮ ಫೈಲ್‌ಗಳನ್ನು ಬದಲಾಯಿಸಲಾರದು, ಆದರೆ ಓದಬಲ್ಲದು. ಇವತ್ತು ಜಾಸ್ತಿ ತೊಂದರೆ ಕೊಡುತ್ತಿರುವುದು ಕದಿಯುವ ಮಾಲ್‌ವೇರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಲಾಗಿನ್ ಕುಕಿಗಳನ್ನು ಹುಡುಕಿ ಹೊರಗೆ ಸಾಗಿಸುವ ಜಾತಿಯದು. ಅದಕ್ಕೆ ಬರೆಯುವ ಕೆಲಸವೇ ಇಲ್ಲ, ಓದಿ ಕಳಿಸಿದರೆ ಆಯಿತು. ಖಾಸಗಿ ಫೈಲ್‌ಗಳನ್ನು ಮುಚ್ಚಿಡುವ ವಿಶೇಷ ಡಬ್ಬಿಗಳು ಇದರಲ್ಲೂ ಇವೆ, ಆದರೆ ಅವಕ್ಕೆ ದುಡ್ಡು ಕೊಟ್ಟು ಸಪೋರ್ಟರ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಬೇಡವೆಂದರೆ ಅನುಮಾನದ ಫೈಲ್‌ಗೆ ಅಂತಲೇ ಒಂದು ಡಬ್ಬಿ ಮಾಡಿ, ಅದರ ಇಂಟರ್ನೆಟ್ ಬಂದ್ ಮಾಡಿ, ಕೊನೆಯ ಪ್ರೋಗ್ರಾಂ ಮುಚ್ಚಿದ ತಕ್ಷಣ ತಾನೇ ಖಾಲಿಯಾಗುವಂತೆ ಇಡಿ. ಇದನ್ನು ಮಾಡಲು ಬೇಸರ ಅಂದರೆ ಸ್ಯಾಂಡ್‌ಬಾಕ್ಸಿ ಬೇಡ.

ವರ್ಚುವಲ್‌ಬಾಕ್ಸ್: ಕೆಲಸ ಜಾಸ್ತಿ, ಉಪಯೋಗವೂ ಜಾಸ್ತಿ

ಹೋಮ್ ಆವೃತ್ತಿ ಇದ್ದು, 8 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ನನ್ನ ಆಯ್ಕೆ ಇದು. ವರ್ಚುವಲ್ ಮಷೀನ್ ಮಾಡಿಕೊಡುವ ಒರಾಕಲ್‌ನ ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ ಕೂಡ 2024ರಿಂದ ಉಚಿತ, ಯಾವುದು ಹಾಕಿದರೂ ನಡೆಯುತ್ತದೆ. ನನಗೆ ರೂಢಿ ಇರುವುದು ವರ್ಚುವಲ್‌ಬಾಕ್ಸ್, ಅದನ್ನೇ ಹೇಳುತ್ತೇನೆ.

ಒಳಗೆ ವಿಂಡೋಸ್ ಹಾಕಲು ಹೋಗಬೇಡಿ. ವಿಂಡೋಸ್ 11 ತನಗೇ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಕೇಳುತ್ತದೆ, ಲೈಸೆನ್ಸ್ ಬೇರೆ. ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್, ಅದರ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ. ಡಿಸ್ಕ್‌ನಲ್ಲಿ 25 ಜಿಬಿ, ರ‍್ಯಾಮ್ 3 ಜಿಬಿ ಕೊಟ್ಟರೆ ಆರಾಮಾಗಿ ಓಡುತ್ತದೆ. ಲಿಬ್ರೆ ಆಫೀಸ್ ಅದರಲ್ಲೇ ಬರುತ್ತದೆ, ಪಿಡಿಎಫ್, ವರ್ಡ್, ಎಕ್ಸೆಲ್ ಎಲ್ಲ ತೆರೆದು ಓದಬಹುದು. ವಿಂಡೋಸ್‌ಗೆ ಅಂತ ಬರೆದ ಮಾಲ್‌ವೇರ್‌ಗೆ ಅಲ್ಲಿ ಕಾಲೂರಲು ಜಾಗವೇ ಇರುವುದಿಲ್ಲ, ಇದು ಇನ್ನೊಂದು ಲಾಭ. ಕನ್ನಡ ಟೈಪ್ ಮಾಡಬೇಕೆಂದರೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕಗಪ ವಿನ್ಯಾಸವೂ ಇದೆ.

ಬಿಸಾಡುವುದು ಹೇಗೆ ಅಂದರೆ, ಸ್ನಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯನ್ನು ಹಾಗೇ ಉಳಿಸಿಡುವುದು. ಎಲ್ಲ ಹಾಕಿ, ಅಪ್‌ಡೇಟ್ ಮಾಡಿ, ಇನ್ನೂ ಒಂದೂ ಅನುಮಾನದ ಫೈಲ್ ಮುಟ್ಟಿಲ್ಲ ಅನ್ನುವಾಗ ಸ್ನಾಪ್‌ಶಾಟ್ ತೆಗೆಯಿರಿ. ಆಮೇಲೆ ಕೆಲಸ ಮುಗಿದು ಮುಚ್ಚುವಾಗ 'ಪವರ್ ಆಫ್' ಆರಿಸಿದರೆ ಅದರ ಕೆಳಗೇ ಸ್ನಾಪ್‌ಶಾಟ್‌ಗೆ ವಾಪಸ್ ಹೋಗುವ ಟಿಕ್ ಇರುತ್ತದೆ. ಅದನ್ನು ಹಾಕುವುದನ್ನು ಮರೆತರೆ ಆ ಸೆಷನ್ ಬಿಸಾಡಿದ ಹಾಗಾಗಲಿಲ್ಲ, ಹಳೆಯದೇ ಮುಂದುವರಿಯುತ್ತದೆ. ಮರೆಯುವ ಅಭ್ಯಾಸ ಇದ್ದರೆ ವರ್ಚುವಲ್ ಡಿಸ್ಕನ್ನೇ 'ಇಮ್ಯುಟಬಲ್' ಮಾಡಿಬಿಡಿ, ಪ್ರತಿ ಸಲ ಆನ್ ಮಾಡಿದಾಗಲೂ ಅದು ತಾನಾಗಿಯೇ ಮೊದಲಿನಂತಾಗುತ್ತದೆ. ಮನೆಯಲ್ಲಿ ಮೂರ್ನಾಲ್ಕು ಜನ ಒಂದೇ ಕಂಪ್ಯೂಟರ್ ಬಳಸುತ್ತೀರಿ ಅಂದರೆ ನಾನು ಇದನ್ನೇ ಮಾಡಿಸುತ್ತೇನೆ. ಆಗಾಗ ಸ್ನಾಪ್‌ಶಾಟ್‌ಗೆ ವಾಪಸ್ ಹೋಗಿ, ಅಪ್‌ಡೇಟ್ ಮಾತ್ರ ಮಾಡಿ, ಹೊಸ ಸ್ನಾಪ್‌ಶಾಟ್ ತೆಗೆದು ಹಳೆಯದನ್ನು ಅಳಿಸಬೇಕು. ಇಲ್ಲದಿದ್ದರೆ ವರ್ಷ ಕಳೆದರೂ ಅದೇ ಹಳೆಯ ಬ್ರೌಸರ್ ಇಟ್ಟುಕೊಂಡಿರುತ್ತೀರಿ.

ಶೇರ್ಡ್ ಫೋಲ್ಡರ್ ಕೊಟ್ಟರೆ ರೀಡ್ ಓನ್ಲಿ ಕೊಡಿ. ಶೇರ್ಡ್ ಕ್ಲಿಪ್‌ಬೋರ್ಡ್ ಮೊದಲಿಂದ ಆಫ್ ಇರುತ್ತದೆ, ಹಾಗೇ ಬಿಡಿ. ಫೈಲ್ ತೆರೆಯುವ ಮುಂಚೆ ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ಅಂದರೆ ಡಿವೈಸಸ್ ಮೆನುವಿನಲ್ಲಿ ನೆಟ್‌ವರ್ಕ್‌ನ ಟಿಕ್ ತೆಗೆಯಿರಿ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಮತ್ತು ವರ್ಚುವಲ್‌ಬಾಕ್ಸ್ ಎರಡೂ ಒಂದೇ ಮಷೀನ್‌ನಲ್ಲಿ ಇಟ್ಟುಕೊಂಡರೆ ವರ್ಚುವಲ್‌ಬಾಕ್ಸ್ ನಿಧಾನವಾಗುತ್ತದೆ, ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಕಾರಣ ಅದೇ. ಒಂದನ್ನು ಆರಿಸಿಕೊಳ್ಳಿ.

ಇದೂ ನೂರಕ್ಕೆ ನೂರು ಗೋಡೆ ಅಲ್ಲ. 2018ರ ನವೆಂಬರ್‌ನಲ್ಲಿ ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಕಾರ್ಡ್ ಭಾಗದಲ್ಲೇ ಒಂದು ತೂತು ಬಯಲಾಯಿತು, ಒಳಗಿನಿಂದ ಹೊರಗಿನ ಕಂಪ್ಯೂಟರ್‌ಗೆ ದಾಟಬಹುದಾದಂಥದ್ದು. ಇಂಥವು ಅಪರೂಪ, ಮನೆ ಬಳಕೆದಾರರ ಮೇಲೆ ಯಾರೂ ಸುಮ್ನೆ ಖರ್ಚು ಮಾಡುವಂಥವಲ್ಲ. ಆದರೂ ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಕೇಳಿದರೆ ಮುಂದೂಡಬೇಡಿ.

ಫ್ರೀಜ್ ಮಾಡುವ ಸಾಫ್ಟ್‌ವೇರ್

ಸೈಬರ್ ಸೆಂಟರ್‌ಗಳಲ್ಲಿ ಡೀಪ್ ಫ್ರೀಜ್ ಅಂತ ಕೇಳಿರುತ್ತೀರಿ. ರೀಬೂಟ್ ಮಾಡಿದರೆ ಸಿ ಡ್ರೈವ್ ಮೊದಲಿನಂತಾಗುತ್ತದೆ. ಮಕ್ಕಳು ಆಟ ಇಳಿಸಿ ಇಳಿಸಿ ಹಾಳು ಮಾಡುವ ಪಿಸಿಗೆ ಒಳ್ಳೆಯದು. ಮಾಲ್‌ವೇರ್‌ಗೆ ಮಾತ್ರ ಅರ್ಧ ಉತ್ತರ: ರೀಬೂಟ್ ಆಗುವವರೆಗೆ ಅದು ನಿಮ್ಮ ನಿಜವಾದ ವಿಂಡೋಸ್‌ನಲ್ಲೇ ಇರುತ್ತದೆ, ಕದಿಯಬೇಕಾದದ್ದನ್ನು ಕದಿಯುತ್ತದೆ, ಫ್ರೀಜ್ ಮಾಡದ ಡಿ ಡ್ರೈವ್‌ನಲ್ಲಿ ಮದುವೆ ಫೋಟೋ ಇದ್ದರೆ, ಬಿಡಿಸಲು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ. ಮೇಲಿಂದ ವಿಂಡೋಸ್ ಅಪ್‌ಡೇಟ್ ಆಗಬೇಕೆಂದರೆ ಪ್ರತಿ ಸಲ ಫ್ರೀಜ್ ತೆಗೆಯಬೇಕು.

ಲೈವ್ ಪೆನ್‌ಡ್ರೈವ್: ಕಂಪ್ಯೂಟರ್ ಮೇಲೇ ಅನುಮಾನ ಇದ್ದಾಗ

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಳಗಿನ ಫೈಲ್‌ನಿಂದ ಹೊರಗಿನ ಕಂಪ್ಯೂಟರನ್ನು ಕಾಯುವ ದಾರಿಗಳು. ಉಲ್ಟಾ ನಡೆಯುವುದಿಲ್ಲ. ನಿಮ್ಮ ವಿಂಡೋಸ್‌ನಲ್ಲಿ ಆಗಲೇ ಕೀಲಾಗರ್ ಕೂತಿದ್ದರೆ, ನೀವು ಸ್ಯಾಂಡ್‌ಬಾಕ್ಸ್ ತೆರೆದು 'ಸುರಕ್ಷಿತವಾಗಿ' ಬ್ಯಾಂಕಿಗೆ ಲಾಗಿನ್ ಆದರೂ ಪ್ರತಿ ಅಕ್ಷರವೂ ಅದಕ್ಕೆ ಸಿಗುತ್ತದೆ. ಯಾಕೆಂದರೆ ಕೀಬೋರ್ಡ್ ಇರುವುದು ಹೊರಗಿನ ವಿಂಡೋಸ್‌ನ ಕೈಯಲ್ಲಿ. ಪರದೆಯೂ ಅಷ್ಟೇ. ಬ್ಯಾಂಕಿಂಗ್‌ಗೆ ಅಂತ ವರ್ಚುವಲ್ ಮಷೀನ್ ಇಟ್ಟುಕೊಂಡು, ಹೊರಗಿನ ವಿಂಡೋಸ್‌ನಲ್ಲಿ ಕ್ರ್ಯಾಕ್ ಮಾಡಿದ ಫೋಟೋಶಾಪ್, ಆಟ ಎಲ್ಲ ಹಾಕಿಕೊಳ್ಳುವವರನ್ನು ನೋಡಿದರೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ಅಷ್ಟು ಶ್ರಮ ಪಟ್ಟು ಪೂರ್ತಿ ತಿರುಗಾಮುರುಗಾ ಮಾಡಿಕೊಂಡಿರುತ್ತಾರೆ.

ಇದಕ್ಕೆ ಬೇಕಾದದ್ದು ವಿಂಡೋಸ್ ಏಳದೇ ಇರುವುದು. 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಬರೆಯಿಸಿ, ಅದರಿಂದ ಬೂಟ್ ಮಾಡಿ, 'ಇನ್‌ಸ್ಟಾಲ್' ಒತ್ತಬೇಡಿ, ಉಬುಂಟು ಕೇಳಿದರೆ 'ಟ್ರೈ' ಅಷ್ಟೇ ಆರಿಸಿ. ಎಲ್ಲ ರ‍್ಯಾಮ್‌ನಲ್ಲಿ ನಡೆಯುತ್ತದೆ, ಆಫ್ ಮಾಡಿದರೆ ಮಾಯ. ಬರೆಯಲು ರೂಫಸ್ ಅನ್ನುವ ಪ್ರೋಗ್ರಾಂ ಸಾಕು, ಆದರೆ ಅನುಮಾನದ ಕಂಪ್ಯೂಟರ್‌ನಲ್ಲೇ ಕೂತು ಬರೆಯಬೇಡಿ, ಸ್ನೇಹಿತರ ಮನೆಯ ಸ್ವಚ್ಛ ಮಷೀನ್‌ನಲ್ಲಿ ಮಾಡಿ. ಬೂಟ್ ಮೆನುವಿಗೆ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇರುವ ಲ್ಯಾಪ್‌ಟಾಪ್ ಆದರೆ ಬಯಾಸ್ ಸೆಟ್ಟಿಂಗ್ ಮುಟ್ಟುವ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಆಮೇಲೆ ವಿಂಡೋಸ್ ಅದನ್ನು ಕೇಳಿ ಕೂತರೆ ಕೀ ಇಲ್ಲದೆ ಒಳಗೆ ಹೋಗುವ ದಾರಿ ಇಲ್ಲ.

ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್‌ಗೂ ಇದೇ ಒಳ್ಳೆಯ ದಾರಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ, ನಿಮ್ಮ ಫೈಲ್ ಅಡಗಿ ಕೂತಿರುತ್ತದಲ್ಲ, ಆ ಕಾಟ ಲೈವ್ ಲಿನಕ್ಸ್‌ನಲ್ಲಿ ಸುಮ್ನೆ ಕೆಲವು ಬೇಡದ ಫೈಲ್‌ಗಳಾಗಿ ಕಾಣುತ್ತದೆ. ಅಡಗಿದ್ದನ್ನು ತೋರಿಸಿ, ನಿಮ್ಮ ಪಿಡಿಎಫ್ ಬೇರೆ ಕಡೆ ಕಾಪಿ ಮಾಡಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಒಂದೇ ಎಚ್ಚರ, ಲೈವ್ ಸೆಷನ್‌ನಿಂದ ಒಳಗಿನ ಹಾರ್ಡ್ ಡಿಸ್ಕ್ ಕೂಡ ಒಂದು ಕ್ಲಿಕ್ ದೂರದಲ್ಲಿ ಇರುತ್ತದೆ. ಯಾವುದನ್ನು ಫಾರ್ಮ್ಯಾಟ್ ಮಾಡುತ್ತಿದ್ದೀರಿ ಅಂತ ಎರಡು ಸಲ ನೋಡಿ.

ಟೇಲ್ಸ್ ಅಂತ ಇನ್ನೊಂದು ಲೈವ್ ವ್ಯವಸ್ಥೆ ಇದೆ, ತುಂಬಾ ಒಳ್ಳೆಯದು, ಆದರೆ ಅದು ಎಲ್ಲವನ್ನೂ ಟಾರ್ ಅನ್ನುವ, ನೀವಿರುವ ಜಾಗ ಮರೆಮಾಚುವ ಜಾಲದ ಮೂಲಕ ಕಳಿಸುತ್ತದೆ. ಬ್ಯಾಂಕಿಗೆ ನೀವು ಬೇರೆ ದೇಶದಿಂದ ಬಂದ ಹಾಗೆ ಕಾಣುತ್ತದೆ, ಖಾತೆ ತಡೆಹಿಡಿಯಬಹುದು. ಬ್ಯಾಂಕಿಂಗ್‌ಗೆ ಮಿಂಟ್ ಸಾಕು.

ಕ್ಯೂಬ್ಸ್ ಬಗ್ಗೆ ಎರಡು ಮಾತು. ಇಡೀ ಕಂಪ್ಯೂಟರನ್ನೇ ಬೇರೆ ಬೇರೆ ವರ್ಚುವಲ್ ಕೋಣೆಗಳಾಗಿ ಒಡೆಯುವ ವ್ಯವಸ್ಥೆ ಇದು. ಬಿಸಾಡುವ ಸೆಷನ್ ಅದರ ಹುಟ್ಟುಗುಣ, ರೈಟ್ ಕ್ಲಿಕ್‌ನಲ್ಲೇ ಸಿಗುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು, ಎಲ್ಲ ಲ್ಯಾಪ್‌ಟಾಪ್‌ನಲ್ಲೂ ಏಳುವುದಿಲ್ಲ, ವಿಂಡೋಸ್ ಬಿಡಬೇಕು. ಪತ್ರಕರ್ತರಿಗೆ, ತಮ್ಮನ್ನೇ ಗುರಿ ಮಾಡುವವರಿದ್ದಾರೆ ಅನ್ನುವವರಿಗೆ ಸರಿ. ಉಳಿದ ಮನೆಗಳಿಗೆ ಬೇಡ.

ಯಾವುದೂ ಮಾಡಲಾಗದ್ದು

ಸ್ಯಾಂಡ್‌ಬಾಕ್ಸ್‌ನಲ್ಲಿ ತೆರೆದೆ, ಏನೂ ಆಗಲಿಲ್ಲ, ಹಾಗಾದರೆ ಫೈಲ್ ಒಳ್ಳೆಯದು ಅಂತ ಹೊರಗೆ ತಂದು ಓಡಿಸಬೇಡಿ. ತಾನು ವರ್ಚುವಲ್ ಮಷೀನ್‌ನಲ್ಲಿ ಇದ್ದೇನೆ ಅಂತ ಗುರುತಿಸಿ ಸುಮ್ಮನೆ ಕೂರುವ ಮಾಲ್‌ವೇರ್ ಎಷ್ಟೋ ಇವೆ. ಸೆಷನ್ ಒಳಗಿನಿಂದ ನಿಮಗೆ ಬೇಕಾದದ್ದು ಮಾಹಿತಿ ಮಾತ್ರ. ಪಿಡಿಎಫ್‌ನಲ್ಲಿ ಏನಿದೆ ಅಂತ ಓದಿ, ಬೇಕಾದರೆ ಹೊರಗಿನಿಂದ ಸ್ಕ್ರೀನ್‌ಶಾಟ್ ತೆಗೆಯಿರಿ, ಫೈಲನ್ನು ತರಬೇಡಿ. ಪಿಡಿಎಫೇ ಬೇಕು ಅನ್ನುವವರಿಗೆ ಡೇಂಜರ್‌ಝೋನ್ ಅನ್ನುವ ಉಚಿತ ಸಾಧನ ಇದೆ, ಪ್ರತಿ ಪುಟವನ್ನೂ ಚಿತ್ರವಾಗಿ ಮಾಡಿ ಅದರಿಂದ ಹೊಸ ಪಿಡಿಎಫ್ ಕಟ್ಟಿಕೊಡುತ್ತದೆ.

ಸೆಷನ್ ಒಳಗೆ ಕೂತು ನೀವೇ ನಕಲಿ ಬ್ಯಾಂಕ್ ಪುಟಕ್ಕೆ ಪಾಸ್‌ವರ್ಡ್ ಕೊಟ್ಟರೆ ಯಾವ ಗೋಡೆಯೂ ಕಾಯುವುದಿಲ್ಲ. ಒಳಗೆ ಜಿಮೇಲ್‌ಗೋ ವಾಟ್ಸಾಪ್ ವೆಬ್‌ಗೋ ಲಾಗಿನ್ ಆಗಿ ಆಮೇಲೆ ಅನುಮಾನದ ಫೈಲ್ ತೆರೆಯುವುದೂ ಅದೇ ಜಾತಿಯ ಅಪಾಯ. ಲಾಗಿನ್ ಒಂದು ಸೆಷನ್‌ನಲ್ಲಿ, ಅನುಮಾನ ಇನ್ನೊಂದರಲ್ಲಿ. ಎರಡೂ ಒಂದೇ ಕಡೆ ಸೇರಬಾರದು.

ಹಲವು ಆಂಟಿವೈರಸ್‌ಗಳಿಂದ ಫೈಲ್ ಪರೀಕ್ಷಿಸುವ ಜಾಲತಾಣ ವೈರಸ್‌ಟೋಟಲ್‌ಗೆ ಹಾಕಿ ನೋಡಬಹುದಲ್ಲ ಅಂದರೆ, ನೋಡಬಹುದು. ಆದರೆ ಅಲ್ಲಿಗೆ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೂ ಸಿಗುತ್ತದೆ. ಆಧಾರ್, ಕ್ರಯಪತ್ರ, ಸಂಬಳದ ಚೀಟಿ ಹಾಕಬೇಡಿ.

ಹಾಗಾದರೆ ಯಾರಿಗೆ ಯಾವುದು

ಪಿಜಿಯಲ್ಲಿ ಇರುವ ವಿದ್ಯಾರ್ಥಿ, 8 ಜಿಬಿ ಲ್ಯಾಪ್‌ಟಾಪ್, ಹೋಮ್ ಆವೃತ್ತಿ: ವರ್ಚುವಲ್‌ಬಾಕ್ಸ್‌ನಲ್ಲಿ ಮಿಂಟ್, ಇಮ್ಯುಟಬಲ್ ಡಿಸ್ಕ್. ಪ್ರೊ ಇದ್ದರೆ ಸ್ಯಾಂಡ್‌ಬಾಕ್ಸ್, ಆ ಡಬ್ಲ್ಯುಎಸ್‌ಬಿ ಫೈಲ್ ಜೊತೆಗೆ.

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಮನೆಯ ಮುಂದಿನ ಕೋಣೆಯಲ್ಲೇ ಟ್ಯಾಕ್ಸ್ ಕೆಲಸ ಮಾಡುವವರು ಸ್ವಲ್ಪ ಯೋಚಿಸಬೇಕು. ದಿನಾ ಗಿರಾಕಿಗಳಿಂದ ಎಕ್ಸೆಲ್, ಜಿಪ್ ಬರುತ್ತವೆ, ಅದೇ ಮಷೀನ್‌ನಲ್ಲಿ ಡಿಎಸ್‌ಸಿ ಟೋಕನ್ ಚುಚ್ಚಿರುತ್ತದೆ. ಇವರಿಗೆ ಲೈವ್ ಪೆನ್‌ಡ್ರೈವ್ ಆಗಿಬರುವುದಿಲ್ಲ, ಟೋಕನ್ ಡ್ರೈವರ್‌ಗೆ ಪ್ರತಿ ಸಲ ಒದ್ದಾಡಬೇಕು. ಟೋಕನ್ ಇರುವ ವಿಂಡೋಸ್ ಸ್ವಚ್ಛವಾಗಿರಲಿ, ಅಲ್ಲಿ ಪೋರ್ಟಲ್ ಬಿಟ್ಟು ಬೇರೇನೂ ತೆರೆಯಬೇಡಿ. ಗಿರಾಕಿಗಳ ಫೈಲ್ ಎಲ್ಲ ವರ್ಚುವಲ್ ಮಷೀನ್‌ನಲ್ಲೇ ತೆರೆಯಲಿ. ಟೋಕನ್ನನ್ನು ಕೆಲಸ ಮುಗಿದ ತಕ್ಷಣ ಕಿತ್ತಿಡಿ.

ಅಪ್ಪ ಅಮ್ಮನ ಹಳೆಯ ಪಿಸಿ, 4 ಜಿಬಿ, ವಿಂಡೋಸ್ 10: ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಲ್ಲಿ ವರ್ಚುವಲ್ ಮಷೀನ್ ಬೇಡವೇ ಬೇಡ. ಒಂದು ಮಿಂಟ್ ಪೆನ್‌ಡ್ರೈವ್ ಮಾಡಿಕೊಟ್ಟು, ವಿದ್ಯುತ್ ಬಿಲ್, ಬ್ಯಾಂಕ್ ಎಲ್ಲ ಅದರಲ್ಲೇ ಮಾಡಿ ಅಂತ ಕೂತು ತೋರಿಸಿಕೊಡಿ. ಕೆಲವು ವಾರದಲ್ಲಿ ಒಗ್ಗಿದರೆ ಮಿಂಟನ್ನೇ ಇನ್‌ಸ್ಟಾಲ್ ಮಾಡಿಬಿಡಿ.

ಯಾವುದನ್ನೇ ಆರಿಸಿದರೂ ಫೋಟೋ, ದಾಖಲೆಗಳ ಒಂದು ನಕಲು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ, ಕಾಪಿ ಆದ ಮೇಲೆ ಅದನ್ನು ಕಂಪ್ಯೂಟರ್‌ನಿಂದ ಬಿಚ್ಚಿಡಿ. ಚುಚ್ಚಿಯೇ ಇಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಬಿಡುವುದಿಲ್ಲ.

ಇದನ್ನೆಲ್ಲ ಓದುವ ಮೊದಲೇ ಯಾವುದೋ ಫೈಲ್ ಕ್ಲಿಕ್ ಮಾಡಿಬಿಟ್ಟಿದ್ದರೆ, ಮೊದಲು ವೈಫೈ ಆಫ್ ಮಾಡಿ. ಪಾಸ್‌ವರ್ಡ್ ಬದಲಾಯಿಸುವುದು ಬೇರೆ ಫೋನ್‌ನಿಂದಲೋ ಲೈವ್ ಪೆನ್‌ಡ್ರೈವ್‌ನಿಂದಲೋ ಆಗಲಿ, ಆ ವಿಂಡೋಸ್‌ನಿಂದ ಬೇಡ. ಇಮೇಲ್ ಪಾಸ್‌ವರ್ಡ್ ಮೊದಲು, ಬ್ಯಾಂಕ್ ಆಮೇಲೆ, ಜೊತೆಗೆ ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಕುಕಿ ಕದ್ದಿದ್ದರೆ ಪಾಸ್‌ವರ್ಡ್ ಬದಲಾಯಿಸುವುದಷ್ಟೇ ಸಾಲದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಷೀನ್ ಸ್ವಚ್ಛ ಮಾಡಲು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸಾಧನಗಳು ಸಿಗುತ್ತವೆ, ಆದರೆ ಕದಿಯುವ ಮಾಲ್‌ವೇರ್ ಓಡಿದೆ ಅಂತ ಖಾತ್ರಿ ಇದ್ದರೆ ನಾನಾದರೂ ಫೈಲ್‌ಗಳನ್ನು ಲೈವ್ ಲಿನಕ್ಸ್‌ನಿಂದ ಹೊರತೆಗೆದು ವಿಂಡೋಸನ್ನು ಪೂರ್ತಿ ಹೊಸದಾಗಿ ಹಾಕುತ್ತೇನೆ.